ಒಂಬತ್ತು ಹಳದಿ ಟೊಪ್ಪಿಗೆ

ಗಿರಣಿಗೆ ಕಳಿಸಲು ಜೋಳ ಅಳೆಯುತ್ತಿದ್ದೆ. ಚೀಲದಿಂದ ಡಬ್ಬಿಗೆ, ಅತ್ತೆಯವರ ಕಾಲದ ಹಿತ್ತಾಳೆ ಪಾವಿನಲ್ಲಿ, ಲಾಭ, ಎರಡು, ಮೂರು ಎನ್ನುತ್ತ. ನಮ್ಮ ಕಡೆ ಧಾನ್ಯದ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಒಂದು ಅಂದರೆ ಒಂದೇ ಆಗಿ ಉಳಿದೀತು ಎಂಬ ಅಂಜಿಕೆ. ನಾಲ್ಕಕ್ಕೋ ಐದಕ್ಕೋ ಬಂದಾಗ ಫೋನು ಬಂತು.

"ನಿಮ್ಮ ಹೆಸರು ಸೇರಿಸೇವ್ರಿ," ಅಂದರು ಮನೆಶಾಲೆ ಕೂಟದ ಸಂಚಾಲಕಿ. "ಸೋಮವಾರ ಬರ್ರಿ. ಒಂದು ನಿಯಮ ಅದ, ಅದನ್ನ ಎದುರಿಗೆ ಕೂತು ಹೇಳ್ತೀನಿ. ಫೋನಿನಾಗ ಬ್ಯಾಡ."

ಫೋನು ಇಟ್ಟು ನೋಡಿದರೆ ಎಷ್ಟು ಅಳೆದಿದ್ದೆ ಎಂಬುದು ಮರೆತಿತ್ತು. ಡಬ್ಬಿಯ ಜೋಳವನ್ನೆಲ್ಲ ತಿರುಗಿ ಚೀಲಕ್ಕೆ ಸುರಿದು ಮೊದಲಿನಿಂದ ಅಳೆದೆ. ಜೋಳದ ವಿಷಯದಲ್ಲಿ ನಾನು ಅಷ್ಟು ಎಚ್ಚರದವಳು. ಮುಂದೆ ನಡೆದದ್ದನ್ನು ನೆನೆದಾಗಲೆಲ್ಲ ಆ ಜೋಳ ನೆನಪಾಗುತ್ತದೆ.

ಮಗಳಿಗೆ ಆಗ ಹತ್ತು ವರ್ಷ. ಅವಳ ಮಾತು ತಡೆಯುತ್ತದೆ. ಶಾಲೆಯಲ್ಲಿ ಹಾಜರಿ ಕೂಗುವಾಗ "ಪ್ರೆಸೆಂಟ್" ಅನ್ನುವುದರ ಮೊದಲ ಅಕ್ಷರವೇ ತುಟಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಟೀಚರು ಅರೆಗಳಿಗೆ ಕಾಯುತ್ತಿದ್ದರು, ಆಮೇಲೆ ಮುಂದಿನ ಹೆಸರಿಗೆ ಹೋಗುತ್ತಿದ್ದರು. ವರ್ಷದ ಕೊನೆಗೆ ಪ್ರಗತಿಪತ್ರ ಕೈಗೆ ಬಂದಾಗ ನೋಡಿದರೆ, ಒಂದು ದಿನವೂ ಶಾಲೆ ತಪ್ಪಿಸದ ನನ್ನ ಮಗಳು ಎಷ್ಟೋ ದಿನ ಗೈರುಹಾಜರು. ಕೇಳಲು ಹೋದರೆ, "ಆಕಿ ಓ ಅನ್ನಬೇಕಲ್ರೀ" ಅಂದರು. ಮನೆಗೆ ಬಂದು ದೇವರ ಮುಂದೆ ಕೂತೆ. ಅತ್ತೆನೋ ಬೈದೆನೋ ಈಗ ಹೇಳಲಾರೆ. ಶಾಲೆ ಬಿಡಿಸುವುದೆಂದು ಗಟ್ಟಿ ಮಾಡಿಕೊಂಡು ಎದ್ದೆ.

ನಮ್ಮವರು ಪುಣೆಯ ಹಿಂಜವಾಡಿಯಲ್ಲಿ ಕೆಲಸಕ್ಕೆ. ಹೋಗಿ ಬರುವುದರಲ್ಲೇ ಅವರ ಅರ್ಧ ಜೀವ ಕಂಪನಿ ಬಸ್ಸಿನಲ್ಲಿ ಕಳೆಯುತ್ತದೆ. "ಬಿಡಸು, ಬ್ಯಾಡನ್ನೂದಿಲ್ಲ. ಆದ್ರ ನಿನ್ನ ಒಬ್ಬಾಕಿ ಮುಂದ ಕೂಡಿಸಿದ್ರ ಇದ್ದ ಮಾತೂ ಹೋಗತದ. ಹತ್ತು ಹುಡುಗೂರ ಜೋಡಿ ಇರಬೇಕು ಆಕಿ," ಅಂದರು. ಹಾಗೆ ಹುಡುಕಿದಾಗ ಸಿಕ್ಕಿದ್ದು ಈ ಕೂಟ. ಐದು ಮನೆ, ಒಂಬತ್ತು ಮಕ್ಕಳು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಪಾಠ, ಹದಿನೈದು ದಿನಕ್ಕೊಮ್ಮೆ ಹೊರಗೆ ಸುತ್ತಾಟ. ಹಾಜರಿ ಕೂಗುವ ಪದ್ಧತಿ ಇರಲಿಲ್ಲ. ನನಗೆ ಬೇಕಾದದ್ದು ಅದೇ.

ಸೋಮವಾರ ಸಂಚಾಲಕಿಯ ಕೋಥರೂಡದ ಫ್ಲ್ಯಾಟಿಗೆ ಹೋದೆ. ಬೆಳಗಾವಿ ಕಡೆಯವರು, ಮೊದಲು ಶಾಲೆಯಲ್ಲಿ ಗಣಿತ ಕಲಿಸಿದವರು, ಮಾತಿನಲ್ಲಿ ನಗು ಕಡಿಮೆ. ಚಹಾ ಕೊಟ್ಟು ಒಂದು ಫೈಲು ತೆರೆದರು.

"ನಿಯಮ ಇಷ್ಟರೀ. ಹೊರಗ ಹೋದಾಗ ಯಾವ ತಾಯಿನೂ ತನ್ನ ಕೂಸು ಇರೋ ಗುಂಪು ಹಿಡಿಯೂ ಹಂಗಿಲ್ಲ. ತನ್ನದು ಎದುರಿಗಿದ್ರ ಕಣ್ಣು ಅದರ ಮ್ಯಾಲೇ ಇರ್ತದ, ಉಳದವು ಬಾವಿಗೆ ಬಿದ್ರೂ ಕಾಣೂದಿಲ್ಲ. ಮಂದಿ ಕೂಸು ಕೈಯಾಗಿದ್ರ ಅಂಜಿಕಿ ಇರ್ತದ. ಅಂಜಿಕಿ ಛಲೋರಿ."

ಬಾವಿ ಎಂಬ ಮಾತು ನನಗೆ ಸೇರಲಿಲ್ಲ. ಮನಸ್ಸಿನಲ್ಲೇ ವಿಠ್ಠಲ ವಿಠ್ಠಲ ಅಂದುಕೊಂಡೆ.

ಮಂಗಳವಾರ ಅಳತೆ-ತೂಕ ಮತ್ತು ಹೊಲಿಗೆ ಕಲಿಸುವುದು ನನ್ನ ಪಾಲಿಗೆ ಬಂತು. ಅದರ ಜೊತೆಗೆ ಇನ್ನೊಂದು: ಸುತ್ತಾಟದ ದಿನ ಎಣಿಕೆಯ ಹಾಳೆ. ಪ್ರತಿ ತಾಸಿಗೆ ಒಮ್ಮೆ ಎಲ್ಲ ಮಕ್ಕಳ ತಲೆ ಮುಟ್ಟಿ ಎಣಿಸಿ, ಹೊತ್ತು ಬರೆದು, ಸಂಖ್ಯೆ ಬರೆದು, ಸಹಿ ಹಾಕಬೇಕು.

"ಉಳದವರಿಗೆ ಫೋನ್ ಮ್ಯಾಲೆ ಫೋನ್ ಬರ್ತಾವ. ನೀವು ಲಕ್ಷ್ಯ ಕೊಟ್ಟು ಎಣಸ್ತೀರಿ ಅನಸ್ತದ," ಅಂದರು. ಇಂಥ ಮಾತು ಕೇಳಿದರೆ ಮನೆಯಲ್ಲಿರುವ ಹೆಂಗಸಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹೂಂ ಅಂದೆ. ಅನ್ನಬಾರದಿತ್ತು. ಏಕೆಂದರೆ ನಾನು ಮಕ್ಕಳನ್ನು ಎಣಿಸುವವಳಲ್ಲ.

ಉಣ್ಣುವವರನ್ನು ಎಣಿಸಬಾರದು, ಬುಟ್ಟಿಯ ರೊಟ್ಟಿ ಎಣಿಸಬಾರದು, ಮಕ್ಕಳನ್ನಂತೂ ಬೆರಳಿಟ್ಟು ಎಣಿಸಲೇಬಾರದು, ಎಣಿಸಿದರೆ ಒಂದು ಕಡಿಮೆಯಾಗುತ್ತದೆ ಎಂದು ಕೇಳಿ ಬೆಳೆದವಳು ನಾನು. ಇದನ್ನು ನಂಬದವರು ನಗಬಹುದು. ಮಗಳಿಗೆ ನಾಲ್ಕು ವರ್ಷವಿದ್ದಾಗ ನಾನು ಮತ್ತೆ ಬಸುರಿಯಾಗಿದ್ದೆ. ಲಿಫ್ಟಿನಲ್ಲಿ ಪಕ್ಕದ ಮನೆಯವರು ಎಷ್ಟು ಮಕ್ಕಳು ಅಂತ ಕೇಳಿದರು. ನಾನು ಸಡಗರದಲ್ಲಿ ಎರಡು ಬೆರಳು ತೋರಿಸಿದೆ. ಆ ವಾರವೇ ಎರಡನೆಯದು ಉಳಿಯಲಿಲ್ಲ. ಬೆರಳಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳಿದರು. ಬುದ್ಧಿ ಒಪ್ಪಿತು. ಕೈ ಒಪ್ಪಲಿಲ್ಲ. ಅಂದಿನಿಂದ ಯಾವ ಮಗುವಿನ ಕಡೆಗೂ ನನ್ನ ಬೆರಳು ಏಳುವುದಿಲ್ಲ.

ಇದನ್ನು ಸಂಚಾಲಕಿಗೆ ಹೇಳಬೇಕಿತ್ತು. ಹೇಳದೆ ಉಪಾಯ ಮಾಡಿದೆ. ಹಳದಿ ಬಟ್ಟೆ ತಂದು ಒಂದೇ ಅಳತೆಯ ಒಂಬತ್ತು ಟೊಪ್ಪಿಗೆ ಹೊಲಿದೆ. ದೂರದಿಂದಲೂ ಕಾಣುವ ಅರಿಸಿನದ ಹಳದಿ, ಕುತ್ತಿಗೆ ಮುಚ್ಚುವಷ್ಟು ಅಂಚು. ಮಕ್ಕಳನ್ನು ಎಣಿಸಿದ ಹಾಗೂ ಆಗಬಾರದು, ಲೆಕ್ಕವೂ ತಪ್ಪಬಾರದು. ಟೊಪ್ಪಿಗೆ ಎಣಿಸಿದರೆ ಯಾರ ದೃಷ್ಟಿ ಯಾರಿಗೆ ತಾಗುತ್ತದೆ? ಎಲ್ಲರಿಗೂ ಅವು ಭಾಳ ಹಿಡಿಸಿದವು. ಕೂಟದ ಇನ್ನೊಂದು ಮನೆಯ ಮರಾಠಿ ಅಪ್ಪ, ವಿಜ್ಞಾನ ಕಲಿಸುವವರು, "ವಹಿನಿ, ಕಮಾಲ್!" ಅಂದರು. ನಾನೂ ಬೀಗಿದೆ.

ಮೊದಲ ಎಚ್ಚರಿಕೆ ಎರಡನೆಯ ಸುತ್ತಾಟದಲ್ಲೇ ಬಂದಿತ್ತು. ಊರೊಳಗಿನ ಗುಡ್ಡಕ್ಕೆ ಹಕ್ಕಿ ನೋಡಲು ಹೋಗಿದ್ದೆವು. ಎಣಿಸಿದರೆ ಎಂಟು. ಸುತ್ತ ಹುಡುಕಿದೆ. ನೋಡಿದರೆ ಕೂಟದ ಎಲ್ಲರಿಗಿಂತ ಸಣ್ಣ ಹುಡುಗಿ, ಆರು ವರ್ಷದವಳು, ಬರಿದಲೆಯಲ್ಲಿ ಮರದ ಬುಡದಲ್ಲಿ ಇರುವೆ ನೋಡುತ್ತ ಕೂತಿದ್ದಳು. ಟೊಪ್ಪಿಗೆ ಬೆಂಚಿನ ಕೆಳಗೆ ಬಿದ್ದಿತ್ತು. ದೇವರು ಕಾದ ಅಂದುಕೊಂಡೆ. ಆ ರಾತ್ರಿಯೇ ಕೂತು ಎಲ್ಲ ಟೊಪ್ಪಿಗೆಗಳಿಗೂ ಗದ್ದಕ್ಕೆ ಕಟ್ಟುವ ದಾರ ಹಚ್ಚಿದೆ. ದೇವರು ತೋರಿಸಿದ್ದು ಒಂದು, ನಾನು ಕಲಿತದ್ದು ಇನ್ನೊಂದು.

ಆ ಸಣ್ಣ ಹುಡುಗಿಯ ತಂದೆತಾಯಿ ಬೆಂಗಳೂರಿನವರು, ಇಬ್ಬರೂ ಸಾಫ್ಟ್‌ವೇರ್ ಕೆಲಸದವರು, ಪುಣೆಗೆ ಬಂದು ವರ್ಷವೂ ಆಗಿರಲಿಲ್ಲ. ಹುಡುಗಿಗೆ ಮರಾಠಿ ಬರುತ್ತಿರಲಿಲ್ಲ. ವಿಠ್ಠಲನ ಯಾತ್ರೆಗೆ ಹೊರಟ ಸಂತರ ಪಾಲಕಿ, ಅಂದರೆ ಪಲ್ಲಕ್ಕಿ, ನೋಡಲು ಸಾಸವಡಕ್ಕೆ ಹೋಗುವ ದಿನ ಬೆಳಿಗ್ಗೆ ಅವಳ ತಾಯಿ ವ್ಯಾನಿನ ತನಕ ಬಂದು ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟರು.

"ಆಂಟಿ, ಇವತ್ತು ಮೀಟಿಂಗ್ ಇದೆ, ಬರಕ್ಕಾಗ್ತಿಲ್ಲ. ಇವ್ಳು ಯಾರ್ ಕರೆದ್ರೂ ಹೋಗ್ಬಿಡ್ತಾಳೆ. ಕನ್ನಡ ಕೇಳಿದ್ರಂತೂ ಮುಗೀತು. ನೀವಿದ್ದೀರಲ್ಲ ಅಂತ ಧೈರ್ಯ."

"ಅಂಜಬ್ಯಾಡ್ರಿ. ನನ್ನ ಮಗಳ ಹಂಗ ನೋಡ್ಕೋತೀನಿ," ಅಂದೆ.

ಪಾಲಕಿ ಸಾಸವಡದಲ್ಲಿ ಬಿಡಾರ ಹೂಡಿದ ದಿನ ಅದು. ಲಕ್ಷಗಟ್ಟಲೆ ಜನ ಒಂದು ಊರಿನಲ್ಲಿ ಹೇಗೆ ಉಣ್ಣುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಒಂದು ದಿಂಡಿಗೆ, ಅಂದರೆ ಕೂಡಿ ನಡೆಯುವ ಒಂದು ತಂಡಕ್ಕೆ, ಎಷ್ಟು ಹಿಟ್ಟು ಬೇಕು ಎಂಬುದನ್ನು ಮಕ್ಕಳು ಕೇಳಿ ಬರೆದುಕೊಳ್ಳಬೇಕು. ಇದು ಗಣಿತದ ಪಾಠ. ಹೋದವರು ಮೂವರು ದೊಡ್ಡವರು: ಸಂಚಾಲಕಿ, ವಿಜ್ಞಾನದ ಅಪ್ಪ, ನಾನು. ನನ್ನ ಮಗಳು ವಿಜ್ಞಾನದ ಅಪ್ಪನ ಗುಂಪಿನಲ್ಲಿ, ಸಣ್ಣಾಕೆ ಸಂಚಾಲಕಿಯ ಗುಂಪಿನಲ್ಲಿ. ಪ್ರತಿ ಗುಂಪಿಗೂ ಗಂಟು ಹಾಕಿದ ಹಗ್ಗ, ಒಂದು ಗಂಟಿಗೆ ಒಂದು ಕೈ. ಘಾಟ ಹತ್ತುವಾಗಲೇ ಮೋಡ ರಸ್ತೆಯ ಮೇಲೆ ಇಳಿದಿತ್ತು. ಡ್ರೈವರು, "ಮೇಲೆ ಭಾಳ ಸುರಿದಿದೆಯಂತೆ" ಅಂದ. 

ಹತ್ತು ಗಂಟೆಗೆ ವ್ಯಾನಿನ ಹತ್ತಿರ: ಒಂಬತ್ತು. ಬರೆದೆ, ಸಹಿ ಹಾಕಿದೆ.

ಜಿನುಗು ಮಳೆ ಹತ್ತಿತು. ಸಂಚಾಲಕಿ, ಪಾಲಕಿಯ ಜೊತೆ ನಡೆಯುವ ವಾರಕರಿಗಳು ಹೊದೆಯುವಂಥದೇ ಪ್ಲಾಸ್ಟಿಕ್ ಹಾಳೆಗಳನ್ನು ತಂದಿದ್ದರು. ಯಾತ್ರೆಯವರ ಹಾಗೆ ನಡೆಯಲಿ ಎಂದು ಮಕ್ಕಳಿಗೆ ಅದನ್ನೇ ಹೊದಿಸಿದರು. ಮಕ್ಕಳ ಅಂಗಿಯ ಬಣ್ಣವೆಲ್ಲ ಮರೆಯಾಯಿತು, ಉಳಿದದ್ದು ಹಳದಿ ತಲೆ. ಹನ್ನೊಂದಕ್ಕೆ ಕರ್ಹಾ ನದಿಯ ಮೆಟ್ಟಿಲ ಮೇಲೆ: ಒಂಬತ್ತು. ನೀರು ಕೆಂಪಗಿತ್ತು. ಮೀಯುವವರನ್ನು ಪೋಲೀಸರು ಸೀಟಿ ಊದಿ ಊದಿ ಮೇಲಕ್ಕೆ ಕರೆಯುತ್ತಿದ್ದರು.

ಅಲ್ಲಿ ಸಂಚಾಲಕಿಗೆ ಡ್ರೈವರನ ಫೋನು ಬಂತು. ವ್ಯಾನನ್ನು ಬೇರೆ ಕಡೆ ನಿಲ್ಲಿಸಲು ಹೇಳುತ್ತಿದ್ದಾರೆ, ಬನ್ನಿ ಅಂದ. ಅವರು ತಮ್ಮ ಹಗ್ಗದ ತುದಿಯನ್ನು ನನಗೆ ಕೊಟ್ಟರು. "ಅರ್ಧ ತಾಸು ನೋಡ್ಕೋರಿ. ಆರು ಮಂದಿ ಆದ್ರು ನಿಮಗ." ಎರಡು ಹಗ್ಗ, ಆರು ಮಕ್ಕಳು, ಕಂಕುಳಲ್ಲಿ ಎಣಿಕೆಯ ಹಾಳೆ, ತಲೆಯ ಮೇಲೆ ಮಳೆ, ಸುತ್ತ ತಾಳ ಮತ್ತು ಅಭಂಗ. ಜನರ ಒಂದು ಅಲೆ ಬಂದು ನಮ್ಮನ್ನು ಗೋಡೆಗೆ ಒತ್ತಿತು. ಹಗ್ಗ ಸಡಿಲಾಯಿತು, ಮತ್ತೆ ಬಿಗಿಯಾಯಿತು. ನೋಡಿದೆ, ಎಲ್ಲ ಗಂಟುಗಳ ಮೇಲೂ ಕೈ ಇತ್ತು.

ಹನ್ನೆರಡಕ್ಕೆ ಒಂದು ದಿಂಡಿಯ ಡೇರೆಯಲ್ಲಿ ಮಕ್ಕಳು ಚಿತ್ರ ಬರೆಯಲು ಸಾಲಾಗಿ ಕೂತಿದ್ದರು. ವಿಜ್ಞಾನದ ಅಪ್ಪನ ಗುಂಪೂ ಅಲ್ಲಿಗೆ ಬಂತು. ನಾನು ಹಿಂದೆ ನಿಂತಿದ್ದೆ. ಹಳದಿಗಳು ಒಂಬತ್ತು. ಬರೆಯುವಾಗ ಮಗಳು ಎದ್ದು ಬಂದು ನನ್ನ ಸೆರಗು ಹಿಡಿದಳು.

"ಅವ್ವಾ, ಅ... ಅ... ಅ..."

"ಇಲ್ಲಿ ಬರಬಾರದು ನೀ. ನಿನ್ನ ಗುಂಪಿನಾಗ ಹೋಗು. ಆಮ್ಯಾಲೆ ಹೇಳು."

"ಅ... ಅಲ್ಲಾ..."

"ಆಮ್ಯಾಲವ್ವಾ. ಎಣಸ್ಲಿಕತ್ತೀನಿ."

ಅವಳು ಹೋದಳು. ನಾನು ಸಹಿ ಹಾಕಿದೆ.

ಒಂದು ಗಂಟೆಗೆ ನೀರಿನ ಟ್ಯಾಂಕರಿನ ಬಳಿ: ಒಂಬತ್ತು. ಅಲ್ಲಿಂದ ವ್ಯಾನಿಗೆ ಹತ್ತು ನಿಮಿಷದ ಓಣಿ. ಅರ್ಧ ತಾಸು ಅಂದು ಹೋಗಿ, ಗದ್ದಲದಲ್ಲಿ ವಾಪಸಾಗಲಾರದೆ ವ್ಯಾನಿನ ಹತ್ತಿರವೇ ಉಳಿದಿದ್ದ ಸಂಚಾಲಕಿ ಬಿಸ್ಕೀಟು ಹಂಚುತ್ತಿದ್ದರು. ನಾನು ಹಗ್ಗ ಸುತ್ತುತ್ತ, ಕೊನೆಯ ಗಂಟಿನಲ್ಲಿದ್ದ ಸಣ್ಣಾಕೆಯ ಪ್ಲಾಸ್ಟಿಕ್ ಹಾಳೆ ಬಿಚ್ಚಲು ಬಾಗಿದೆ. ಅವಳು ಮುಖ ಎತ್ತಿದಳು.

ಅದು ನಾನೆಂದೂ ನೋಡದ ಮುಖ.

ಹಣೆಗೆ ಬುಕ್ಕಾದ ಕಪ್ಪು ಬೊಟ್ಟು, ಕಿವಿಗೆ ಹಿತ್ತಾಳೆಯ ರಿಂಗು, ಏಳೆಂಟು ವರ್ಷ. ನನ್ನ ಟೊಪ್ಪಿಗೆ, ನಾನು ಹಚ್ಚಿದ ದಾರ ಅದರ ಗದ್ದದ ಕೆಳಗೆ ಚಂದವಾಗಿ ಗಂಟು. ಬಿಸ್ಕೀಟು ತಿನ್ನುತ್ತ ನನ್ನನ್ನೇ ನೋಡಿತು. "ಟೊಪ್ಪಿಗೆ ಯಾರು ಕೊಟ್ಟರು?" ಅಂತ ಮರಾಠಿಯಲ್ಲಿ ಕೇಳಿದೆ. "ತಾಂಬಡ್ಯಾ ಫ್ರಾಕ್‌ವಾಲೀನೇ," ಅಂದಿತು. ಕೆಂಪು ಫ್ರಾಕಿನವಳು, ಅಂದರೆ ನಮ್ಮ ಸಣ್ಣಾಕೆ. ತನ್ನ ತುಳಸಿ ಮಾಲೆ ಕೊಟ್ಟು ಬದಲಿಗೆ ಇಸಿದುಕೊಂಡಿತ್ತಂತೆ. ಖಾಲಿ ಗಂಟು ಕಂಡಿತು, ಹಿಡಿದು ಬಂತು.

ಸಂಚಾಲಕಿ ನನ್ನ ಕೈಯಿಂದ ಹಾಳೆ ತೆಗೆದುಕೊಂಡರು. ಅವರ ಬೆರಳು ಒಂದು ಗಂಟೆಯ ಸಾಲಿನ ಮೇಲೆ ನಿಂತಿತು.

"ಒಂದಕ್ಕ ಒಂಬತ್ತು ಅದ. ಅಂದ್ರ ಈ ಹತ್ತು ನಿಮಿಷದಾಗ, ಈ ಓಣ್ಯಾಗ ತಪ್ಪ್ಯಾಳ. ಈ ಹುಡುಗಿ ಓಣ್ಯಾಗ ಸೇರ್ಕೊಂಡದ. ದೂರ ಹೋಗಿರೂದಿಲ್ಲ."

ವಿಜ್ಞಾನದ ಅಪ್ಪ ಆಗಲೇ ಓಣಿಯ ಕಡೆ ಓಡುತ್ತಿದ್ದರು. ಇಬ್ಬರು ಸ್ವಯಂಸೇವಕರು ಅವರ ಬೆನ್ನಿಗೆ. ಕಳೆದವರನ್ನು ಕೂಗುವ ಮಂಟಪದಿಂದ ಧ್ವನಿವರ್ಧಕ ಶುರುವಾಯಿತು: ಆರು ವರ್ಷದ ಹುಡುಗಿ, ಹಳದಿ ಟೊಪ್ಪಿಗೆ, ಹಳದಿ ಟೊಪ್ಪಿಗೆ. ಗಾಬರಿಯಲ್ಲಿ ಆ ಗುರುತು ಕೊಟ್ಟವಳೂ ನಾನೇ. ಟೊಪ್ಪಿಗೆ ನಮ್ಮ ಎದುರಿಗೇ ಇತ್ತು.

ಆಗ ಒಂದು ಗಳಿಗೆ ನಾನು ಸುಮ್ಮನೆ ನಿಂತೆ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಹಾಳೆಯ ಮೇಲೆ ಎಲ್ಲ ಸರಿ ಇತ್ತು. ಹೊತ್ತು, ಸಂಖ್ಯೆ, ಸಹಿ. ಬಾಯಿ ಮುಚ್ಚಿಕೊಂಡರೆ ತಪ್ಪು ಹತ್ತು ನಿಮಿಷದ್ದು, ಜನಜಂಗುಳಿಯದು. ಬಾಯಿ ಬಿಟ್ಟರೆ ನಾಲ್ಕು ಸಹಿಯೂ ಸುಳ್ಳು, ಕೂಟ ತಪ್ಪಿ ನನ್ನ ಮಗಳು ಮತ್ತೆ ಆ ಶಾಲೆಯ ಬೆಂಚಿಗೆ, ಆ ಹಾಜರಿಗೆ. ಆದರೆ ನದಿಯ ಕಡೆಯಿಂದ ಸೀಟಿ ಕೇಳುತ್ತಿತ್ತು. ಹುಡುಕುವವರೆಲ್ಲ ಅದಕ್ಕೆ ಬೆನ್ನು ಮಾಡಿ ಓಡುತ್ತಿದ್ದರು.

"ಬಾಯಾರ, ಓಣ್ಯಾಗ ಅಲ್ಲರೀ," ಅಂದೆ. "ನಾ ಟೊಪ್ಪಿಗಿ ಎಣಸೀನಿ. ಮಕ್ಕಳನ್ನ ಎಣಸಿಲ್ಲ. ಒಂದಕ್ಕೂ ಇಲ್ಲ, ಹನ್ನೆರಡಕ್ಕೂ ಇಲ್ಲ. ಯಾವತ್ತೂ ಎಣಸಿಲ್ಲರೀ ನಾ."

ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಲಾರೆ. ಬೈಯಲಿಲ್ಲ. "ಕಡೀಕ ಮಾರಿ ನೋಡಿದ್ದು ಎಲ್ಲಿ?" ಅಂದರು. ನನಗೆ ನೆನಪಾಗಲಿಲ್ಲ. ಹನ್ನೊಂದಕ್ಕೆ ನದಿಯ ಮೆಟ್ಟಿಲೋ, ಅದಕ್ಕಿಂತ ಮೊದಲೋ. ನೆನಪಿನ ತುಂಬ ಹಳದಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

ಮಗಳು ಮುಂದೆ ಬಂದಳು. "ನ... ನ... ನ..." ಕುತ್ತಿಗೆಯ ನರ ಉಬ್ಬಿತು. ನಾನು ತಾಳಲಾರದೆ, "ಏನು, ನದಿನ? ನೀ ನೋಡಿದ್ದೆನ?" ಎಂದು ನಡುವೆ ಬಾಯಿ ಹಾಕಿದೆ. ಅವಳು ತಲೆ ಅಲ್ಲಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ. ಸಂಚಾಲಕಿ ಕೈ ಅಡ್ಡ ಹಿಡಿದು ನನ್ನನ್ನು ಸುಮ್ಮನಿರಿಸಿದರು. ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಮುಖಕ್ಕೆ ಮುಖ ಕೊಟ್ಟು, ಕಾದರು. ಒಂದು ಮಗು ನೀರಿನ ಹತ್ತಿರ ಕಳೆದಿರುವಾಗ ಹಾಗೆ ಕಾಯುವುದು ಎಂಥ ಕಷ್ಟ ಎಂದು ಅಲ್ಲಿ ನಿಂತವರಿಗೇ ಗೊತ್ತು.

"ನ... ನಗಾರಿ," ಅಂದಳು ಮಗಳು. "ನಗಾರಿ ಇಟ್ಟ... ಗುಡಿ ಹತ್ರ. ಮೆಟ್ಲ ಮ್ಯಾಲೆ. ಟ... ಟೊಪ್ಪಿಗಿ ಕೊಟ್ಲು. ಒಬ್ಬಾಕಿ ಅಜ್ಜಿ ಕನ್ನಡ ಮ... ಮಾತಾಡ್ಲಿಕತ್ತಿದ್ಲು. ಆಕಿ ಹಿಂದ ಹೋದ್ಲು."

ಹನ್ನೆರಡಕ್ಕೆ ಸೆರಗು ಹಿಡಿದು ಹೇಳಲು ಬಂದದ್ದು ಇದನ್ನೇ.

ಓಡಿದೆ. ಹುಡುಗಿ ವಯಸ್ಸು ದಾಟಿದ ಮೇಲೆ ನಾನು ಹಾಗೆ ಓಡಿದ್ದು ಅದೊಂದೇ ಸಲ. ಮೆಟ್ಟಿಲಿನ ಕೆಳಗಿನ ಸಾಲುಗಳು ಆಗಲೇ ನೀರಿನಲ್ಲಿದ್ದವು. ಪೋಲೀಸರು ಹಗ್ಗ ಕಟ್ಟುತ್ತಿದ್ದರು. ಒಬ್ಬ ಪೋಲೀಸನಿಗೆ ಹೇಳಿದರೆ, "ಹಳದಿ ಟೊಪ್ಪಿಗೆಯದಲ್ಲವೇ? ಈ ಕಡೆಯ ಡೇರೆಯಲ್ಲೆಲ್ಲ ಕೇಳಿಯಾಯಿತು, ಇಲ್ಲ" ಅಂದ. ನೀರಿನ ಮೇಲೆ ಏನೋ ಕೆಂಪು ತೇಲಿ ಹೋಯಿತು. ಬಟ್ಟೆಯೋ ಹೂವೋ ನೋಡುವ ಧೈರ್ಯ ಬರಲಿಲ್ಲ, ನೋಡದೆ ಇರಲೂ ಆಗಲಿಲ್ಲ. ದಾಸವಾಳದ ಹಾರ. ಅದನ್ನು ಒಂದು ಕೃಪೆ ಎಂದು ಎಣಿಸಿಟ್ಟುಕೊಂಡೆ.

ಗುಡಿಯ ಹಿಂದಿನ ಡೇರೆಗಳ ಸಾಲಿನಲ್ಲಿ ಹುಡುಗಿಯ ಹೆಸರು ಹಿಡಿದು ಕೂಗುತ್ತ ಹೋದೆ. "ಎಲ್ಲಿದ್ದೀಯವ್ವಾ, ಓ ಅನ್ನು" ಅಂತ ಕನ್ನಡದಲ್ಲಿ. ಒಂದು, ಎರಡು, ನಾಲ್ಕು ಡೇರೆ. ಎಲ್ಲ ಕಡೆ ತಾಳದ ಸದ್ದು, ಹೊಗೆ. ಐದನೆಯದರಲ್ಲಿ ಹೆಂಗಸರು ಭಕ್ಕರಿ ಬಡಿಯುತ್ತಿದ್ದರು. ಒಳಗಿನಿಂದ ಸಣ್ಣ ದನಿ.

"ಆಂಟೀ, ನಾನಿಲ್ಲಿದೀನಿ! ಅಜ್ಜಿ ರೊಟ್ಟಿ ಕೊಟ್ರು!"

ಕೆಂಪು ಫ್ರಾಕು, ಕೊರಳಲ್ಲಿ ತುಳಸಿ ಮಾಲೆ, ಕೈಯಲ್ಲಿ ಅರ್ಧ ರೊಟ್ಟಿ, ಗಲ್ಲಕ್ಕೆಲ್ಲ ಹಿಟ್ಟು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೆಳಗಾವಿ ಸೀಮೆಯ ದಿಂಡಿ ಅದು. ಹೆಂಚಿನ ಮುಂದೆ ಕೂತಿದ್ದ ಮುದುಕಿ ಕೈಯ ಹಿಟ್ಟು ಕೊಡವದೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂದೇನ ಕೂಸು?"

"ನನ್ನ ಕೈಯಾಗ ಕೊಟ್ಟಿದ್ರಬೇ."

"ಕೊಟ್ಟಿದ್ರು! ಆಗಳೆ ಇಬ್ಬರು ಬಂದು ಹಳದಿ ಟೊಪ್ಪಿಗಿ ನೋಡೀರೇನು, ಹಳದಿ ಟೊಪ್ಪಿಗಿ ನೋಡೀರೇನು ಅಂದ್ರು. ಇಲ್ಲಿ ಯಾ ಟೊಪ್ಪಿಗಿನೂ ಇಲ್ಲೋ ಅಂದೆ. ನಮ್ಮ ಮಾತ ಆಡತೈತಿ, ನಮ್ಮ ದಿಂಡ್ಯಾಂವರದ ಯಾರದರ ಇರಬೇಕಂತ ಕುಂಡ್ರಿಸಿಕೊಂಡೀನಿ. ಏನವ್ವಾ ತಂಗಿ, ಕೂಸ ಬಿಟ್ಟ ಟೊಪ್ಪಿಗಿ ಹುಡುಕ್ಯಾಡಾಕತ್ತಿದ್ದೆನ?"

ಸುತ್ತಲಿನ ಹೆಂಗಸರು ನಕ್ಕರು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಮುದುಕಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ನನಗ್ಯಾಕ ಮಾಡ್ತಿ, ಅಲ್ಲಿ ಮಾಡು" ಅಂತ ಪಾಲಕಿಯ ಕಡೆ ಗದ್ದ ತೋರಿಸಿ ಮತ್ತೊಂದು ಭಕ್ಕರಿ ಹೆಂಚಿಗೆ ಹಾಕಿದಳು.

ವಾರಕರಿ ಹುಡುಗಿಯನ್ನು ಸ್ವಯಂಸೇವಕರು ಅದರ ದಿಂಡಿಗೆ ಮುಟ್ಟಿಸಿದರು. ಅದರ ತಾಯಿ ಅಷ್ಟು ಹೊತ್ತು ಏನು ಅನುಭವಿಸಿದಳೋ, ನಾನು ಹೋಗಿ ಕ್ಷಮೆ ಕೇಳಲಿಲ್ಲ. ಅದು ಇನ್ನೂ ಬಾಕಿ ಇದೆ. ಟೊಪ್ಪಿಗೆ ಅದರ ತಲೆಯ ಮೇಲೇ ಹೋಯಿತು.

ವ್ಯಾನು ಹೊರಡುವ ಮೊದಲು ಸಂಚಾಲಕಿ ಹಾಳೆಯನ್ನು ನನ್ನ ಕೈಗೇ ಕೊಟ್ಟರು. "ಎಣಸ್ರಿ." ಮಕ್ಕಳ ತಲೆಯಿಂದ ಟೊಪ್ಪಿಗೆಗಳನ್ನು ಬಿಚ್ಚಿಸಿದೆ. ಒದ್ದೆ ಕೂದಲಿನ ಮೇಲೆ ಕೈ ಇಟ್ಟು, ಮುಖ ನೋಡಿ, ಬಾಯಿ ಬಿಟ್ಟು ಎಣಿಸಿದೆ.  ಎಂಟಾದ ಮೇಲೆ ಒಂಬತ್ತು ಅನ್ನುವಾಗ ಕೈ ನನ್ನ ಮಗಳ ತಲೆಯ ಮೇಲಿತ್ತು.

ಬೆಂಗಳೂರಿನ ತಾಯಿಗೆ ಫೋನು ಮಾಡಿದವಳು ನಾನೇ. ಎಲ್ಲ ಹೇಳಿದೆ, ಟೊಪ್ಪಿಗೆಯ ವಿಷಯವನ್ನೂ.  ಕೇಳಿದವರು, "ಅವ್ಳನ್ನ ಫೋನಲ್ಲಿ ಕೊಡಿ" ಅಂದರು. ಅವರು ಇಂದಿನವರೆಗೂ ನನ್ನ ಕೈಯಲ್ಲಿ ಮಗುವನ್ನು ಕೊಟ್ಟಿಲ್ಲ. ಸುತ್ತಾಟದ ದಿನ ರಜೆ ಹಾಕಿ ತಾವೇ ಬರುತ್ತಾರೆ. ಕೊಡಿರೆಂದು ನಾನೂ ಕೇಳಿಲ್ಲ.

ಮುಂದಿನ ಸೋಮವಾರ ಸಭೆ. ನಮ್ಮ ಮನೆಯನ್ನು ಕೂಟದಲ್ಲಿ ಇಟ್ಟುಕೊಳ್ಳಬೇಕೇ ಬೇಡವೇ ಎಂಬುದೇ ವಿಷಯ. ನಾನೇ ಎದ್ದು, ಎಣಿಸುವ ಕೆಲಸ ಬೇರೆಯವರಿಗೆ ಕೊಡಿ ಅಂದೆ, ಬೆರಳಿನ ಕಥೆ ಹೇಳಿದೆ. ಯಾರೂ ನಗಲಿಲ್ಲ. ಇನ್ನು ಮೇಲೆ ಹೆಸರು ಹಿಡಿದು ಕರೆಯೋಣ, ಮಗು ಓ ಅಂದ ಮೇಲೆಯೇ ಗುರುತು ಹಾಕೋಣ ಅಂತಲೂ ನಾನೇ ಅಂದೆ. ಅಂದ ಮೇಲೆ ಹೊಳೆಯಿತು, ಯಾವುದರಿಂದ ಮಗಳನ್ನು ಬಿಡಿಸಿಕೊಂಡು ಬಂದಿದ್ದೆನೋ ಅದನ್ನೇ ತಂದು ಅವಳ ಮುಂದೆ ಇಟ್ಟಿದ್ದೆ.

ಸಂಚಾಲಕಿಗೂ ಹೊಳೆಯಿತು. "ನಿಮ್ಮ ಮಗಳಿಗೆ ತ್ರಾಸ ಆಗತದಲ್ರೀ. ಆಕಿ ಕೈ ಎತ್ತಿದ್ರ ನಡೀತದ."

ಮೂಲೆಯಲ್ಲಿ ಕೂತು ಉಳಿದ ಮಕ್ಕಳ ಜೊತೆ ಕಾಗದ ಮಡಿಸುತ್ತಿದ್ದ ಮಗಳು ತಲೆ ಎತ್ತಿದಳು. "ಕ... ಕೈ ಬ್ಯಾಡ," ಅಂದಳು. "ಕಾ... ಕಾಯ್ರಿ."

ನಮ್ಮನ್ನು ಇಟ್ಟುಕೊಂಡರು. ಯಾರೂ ಪೂರ್ತಿ ಮರೆತಿಲ್ಲ, ಮರೆಯಬೇಕಾದದ್ದೂ ಅಲ್ಲ. ನಾನು ಮಂಗಳವಾರದ ಪಾಠವನ್ನಷ್ಟೇ ಮಾಡುತ್ತೇನೆ. ಸಾಸವಡದಿಂದ ಬಂದ ಎಂಟು ಟೊಪ್ಪಿಗೆ ಒಗೆದು ಮಡಿಸಿ ಕಪಾಟಿನಲ್ಲಿಟ್ಟಿದ್ದೇನೆ. ರಾತ್ರಿ ದೀಪ ಹಚ್ಚಿ ಕೂತಾಗ ನದಿಯ ಸೀಟಿ ಕೇಳುವುದು ಇನ್ನೂ ನಿಂತಿಲ್ಲ.

ಆ ಸಭೆಯಿಂದ ಮನೆಗೆ ಬಂದಾಗ ಹಿಟ್ಟು ತೀರಿತ್ತು. ಗಿರಣಿ ಮುಚ್ಚುವುದರೊಳಗೆ ಜೋಳ ಕಳಿಸಬೇಕು. ಚೀಲದ ಬಾಯಿ ಬಿಚ್ಚಿ ಪಾವು ತುಂಬಿದೆ. ಡಬ್ಬಿಯ ಮೇಲೆ ಹಿಡಿದವಳು ಹಾಗೇ ನಿಂತೆ. ಮಗಳು ಒಳಗಿನ ಕೋಣೆಯಲ್ಲಿದ್ದಳು, ನನಗೆ ಗೊತ್ತಿತ್ತು. ಆದರೂ ಹೆಸರು ಹಿಡಿದು ಕರೆದೆ.

ಒಳಗೆ ಏನೋ ತಡವರಿಸಿತು, ನಿಂತಿತು, ಮತ್ತೆ ಶುರುವಾಯಿತು. ಪಾವು ಕೈಯಲ್ಲಿ ಭಾರವಾಗುತ್ತಿತ್ತು. ಅಂಚಿನಿಂದ ನಾಲ್ಕು ಕಾಳು ಜಾರಿ ನೆಲಕ್ಕೆ ಬಿದ್ದವು. ನಾನು ಸುರಿಯಲಿಲ್ಲ.

"ಇ... ಇ... ಇದ್ದೀನವ್ವಾ."

ಲಾಭ, ಎಂದು ಮೊದಲನೆಯ ಪಾವು ಡಬ್ಬಿಗೆ ಸುರಿದೆ.